ಹೆಬ್ಬೆರಳಷ್ಟು ಸಡಿಲ

ಜನವರಿ 4, 2005. ಮಂಗಳವಾರ, ಸಂಜೆ

ಶಿವಮೊಗ್ಗದಿಂದ ಬಂದು ಇವರನ್ನು ಮಲಗಿಸಿದೆ. ಡಯಾಲಿಸಿಸ್ ಆದ ದಿನ ಮುಖದಲ್ಲಿ ರಕ್ತವೇ ಇರುವುದಿಲ್ಲ. ಅರ್ಧ ಲೋಟ ಗಂಜಿ ಕುಡಿದರು. ಟಿವಿಯಲ್ಲಿ ಇನ್ನೂ ಸುನಾಮಿಯ ಹೆಣಗಳೇ. ಆಫ್ ಮಾಡಿಸಿದೆ.

ತೀರ್ಥಹಳ್ಳಿ ದಾಟಿದ ಮೇಲೆ ಕಾರು ಕಿರುಚಲು ಶುರು. ಕೊಪ್ಪ ಪೇಟೆಯಲ್ಲಿ ಜನ ತಿರುಗಿ ನೋಡಿದರು. ನಮ್ಮ ಜಯಪುರಕ್ಕೆ ಬರುವಷ್ಟರಲ್ಲಿ ಬ್ಯಾಟರಿಯ ಕೆಂಪು ಲೈಟೂ ಹತ್ತಿತು. ಮಗ ಧರ್ಮೇಶ್ ಅಂಗಳದಲ್ಲೇ ಬಾನೆಟ್ ಎತ್ತಿ ನೋಡಿದ. ಫ್ಯಾನ್ ಬೆಲ್ಟ್ ಬಿರುಕು ಬಿಟ್ಟಿದೆ.

"ಬೆಲ್ಟೊಂದೇ ಅಲ್ಲ ಅಮ್ಮ, ವಾಟರ್ ಪಂಪಿನ ಪುಲ್ಲಿ ಚಕ್ರನೂ ಚೂರು ಅಲ್ಲಾಡ್ತದೆ."

"ಬೆಲ್ಟ್ ಸಡಿಲ ಇದ್ದರೆ ಪುಲ್ಲಿ ಅಲ್ಲಾಡದೆ ಇನ್ನೆಂತ ಮಾಡ್ತದೆ? ಹಿಟ್ಟಿನ ಮಿಲ್ಲಲ್ಲಿ ಬೆಳೆದವನು ನೀನು."

ಮಿಲ್ಲಿನಿಂದ ರಾಳದ ಗಟ್ಟಿ ತರಿಸಿ ನಾನೇ ಬೆಲ್ಟಿನ ಒಳಮೈಗೆ ಉಜ್ಜಿದೆ. ನಮ್ಮ ಮಿಲ್ಲಿನ ಬೆಲ್ಟ್ ಜಾರಿದರೆ ಮಾಡುವುದೂ ಇದನ್ನೇ. ಕೂಗು ನಿಂತಿತು. ಬಸ್‌ಸ್ಟ್ಯಾಂಡಿಗೆ ಹೋಗಿ ಬರುವಷ್ಟರಲ್ಲಿ ಮತ್ತೆ ಅದೇ ರಾಗ...

ಶುಕ್ರವಾರದೊಳಗೆ ಸರಿಯಾಗಬೇಕು. ವಾರಕ್ಕೆ ಎರಡು ಸಲ, ತಪ್ಪಬಾರದು ಅಂದಿದ್ದಾರೆ ಡಾಕ್ಟರು. ತಪ್ಪಿದರೆ ನೀರು ಎದೆಗೆ ಏರುತ್ತದೆ.

ಜನವರಿ 5, ಬುಧವಾರ

ಕೊಪ್ಪದ ಗಣಪತಿಯ ಗ್ಯಾರೇಜಿಗೆ ಬೀಗ. ಮಾಲೆ ಹಾಕಿ ಶಬರಿಮಲೆಗೆ ಹೋಗಿದ್ದಾನೆ. ಕೆಲಸದವರೂ ಅವನ ಹಿಂದೆಯೇ. ಮಕರಜ್ಯೋತಿ ನೋಡಿಕೊಂಡೇ ಬರುವುದಂತೆ. ಟ್ಯಾಕ್ಸಿಗಳೂ ಹಾಗೇ — ಒಂದೂ ಊರಲ್ಲಿಲ್ಲ, ಎಲ್ಲ ಸ್ವಾಮಿಗಳನ್ನು ಹೊತ್ತುಕೊಂಡು ಹೋಗಿವೆ. "ಈ ಹದಿನೈದು ದಿನ ಕಾರು ಕೆಡಬಾರದು ಅಂತ ಅಯ್ಯಪ್ಪನಿಗೇ ಹೇಳ್ಕೋಬೇಕು ಅಮ್ಮ" ಅಂದ ಧರ್ಮೇಶ್. ನಗು ಬರಲಿಲ್ಲ.

ಹೊಸ ಬೆಲ್ಟ್ ತಂದಿದ್ದಾನೆ. ನಾಳೆ ಮನೆಯಲ್ಲೇ ಹಾಕುವುದು.

ಜನವರಿ 6, ಗುರುವಾರ

ಬೆಳಿಗ್ಗೆಯಿಂದ ಅದೇ ಕೆಲಸ. ಇವರಿಗೆ ಅಂಗಳದಲ್ಲಿ ಕುರ್ಚಿ ಹಾಕಿಸಿದೆ, ಬಿಸಿಲು ಕಾಯಿಸಿಕೊಳ್ಳಲಿ ಅಂತ. ಧರ್ಮೇಶ್ ಬೆಲ್ಟನ್ನು ಬಿಗಿ ಹಿಡಿಯುವ ಡೈನಮೋದ ನಟ್ಟು ಸಡಿಲಿಸಿ ಹಳೆ ಬೆಲ್ಟ್ ಬಿಚ್ಚಿದ. ಹೊಸದನ್ನು ಫ್ಯಾನಿನ ರೆಕ್ಕೆಯ ಮೇಲಿಂದ ಒಂದೊಂದಾಗಿ ದಾಟಿಸಿ ಕೂರಿಸುವಷ್ಟರಲ್ಲಿ ಎರಡು ಬೆರಳು ತರಚಿತು. ಸೊಸೆ ಭವ್ಯ ಅರಿಶಿನ ತಂದಳು.

ಬಿಗಿ ಮಾಡಿದ ಮೇಲೆ ಒತ್ತಿ ನೋಡಿದೆ. ಹೆಬ್ಬೆರಳು ಒಳಗೆ ಹೋಗುತ್ತದೆ.

"ಇದೆಂತ ಬಿಗಿ?"

"ಅಷ್ಟು ಸಡಿಲ ಇರಬೇಕಮ್ಮ. ಗಣಪತಿ ಯಾವಾಗಲೂ ಇಷ್ಟೇ ಬಿಡೋದು."

"ಇಷ್ಟು ಸಡಿಲದಲ್ಲಿ ನಮ್ಮ ಮಿಲ್ಲು ಒಂದು ಸೇರು ರಾಗಿ ಬೀಸಲ್ಲ. ಹಾರೆ ತಗೊಂಡು ಬಾ."

"ಇದು ಮಿಲ್ಲಲ್ಲ ಅಮ್ಮ, ಕಾರು..."

"ಬೆಲ್ಟ್ ಬೆಲ್ಟೇ."

ಡೈನಮೋದ ಸಂದಿಗೆ ಹಾರೆ ಕೊಟ್ಟು ಹಿಂದಕ್ಕೆ ಮೀಟಿ ಹಿಡಿದುಕೊಂಡ. ನಟ್ಟು ತಿರುಗಿಸಿದ್ದು ನಾನು. ಬೆಲ್ಟ್ ಮೀಟಿದರೆ ತಂತಿಯ ಹಾಗೆ ಠಣ್ ಅಂದಿತು. ಸ್ಟಾರ್ಟ್ ಮಾಡಿಸಿದೆ. ಒಂದು ಸದ್ದಿಲ್ಲ.

ಇವರು ಕುರ್ಚಿಯಿಂದಲೇ ಅಂದರು: "ನಿನ್ನ ಕೈಗೆ ಸಿಕ್ಕಿದ ಮೇಲೆ ಯಾರು ಬಾಯಿ ತೆಗೀತಾರೆ ಮಾರಾಯ್ತಿ."

ಎಷ್ಟೋ ದಿನದ ಮೇಲೆ ಮನೆಯವರೆಲ್ಲ ನಕ್ಕೆವು.

ಜನವರಿ 7, ಶುಕ್ರವಾರ

ಹೋಗಿ ಬಂದೆವು. ದಾರಿ ಉದ್ದಕ್ಕೂ ಕಾರು ಗಪ್‌ಚಿಪ್. ಗಾಜನೂರಿನ ಹತ್ತಿರ ಇವರು ಕಿಟಕಿ ಇಳಿಸಿ ಹೊಳೆ ನೋಡಿದರು. ಧರ್ಮೇಶನಿಗೆ ಹೇಳಿದೆ — ಹಿರಿಯರು ಹೇಳಿದ್ದು ಕೇಳಿದರೆ ಇಷ್ಟೇ ಕೆಲಸ. 

ಜನವರಿ 10, ಸೋಮವಾರ, ಮಧ್ಯಾಹ್ನ

ಸ್ಟಾರ್ಟ್ ಮಾಡಿದಾಗ ಒಳಗೆಲ್ಲೋ ಗೊರಗೊರ ಸದ್ದು. ಕಲ್ಲು ಸೇರಿದ ಅಕ್ಕಿ ಬೀಸಿದ ಹಾಗೆ. ಕೆಳಗೆ ನೀರಿನ ಕಲೆ. ಧರ್ಮೇಶ್ ಫ್ಯಾನ್ ಹಿಡಿದು ಅಲ್ಲಾಡಿಸಿ ತೋರಿಸಿದ. ಹಿಂದೆ ಮುಂದೆ ಬರುತ್ತದೆ.

"ವಾಟರ್ ಪಂಪಿನ ಬೇರಿಂಗ್ ಹೋಗಿದೆ. ಬೆಲ್ಟ್ ಬಿಗಿ ಜಾಸ್ತಿಯಾಗಿ ಅದನ್ನು ಎಳೆದುಬಿಟ್ಟಿದೆ."

ಈಗ ಸಡಿಲ ಮಾಡು ಅಂದೆ. ಮಾಡಿದ. ಗೊರಗೊರ ನಿಲ್ಲಲಿಲ್ಲ. ಬೇರೆ ಪಂಪ್ ಶಿವಮೊಗ್ಗದಿಂದಲೇ ಬರಬೇಕು.

"ನಾಳೆ ಇದರಲ್ಲಿ ಬೇಡ ಅಮ್ಮ. ಪರಮೇಶ್ವರಣ್ಣನ ಜೀಪು ಕೇಳ್ತೇನೆ."

ಪರಮೇಶ್ವರನ ಜೀಪು! ನಮ್ಮ ಡೀಸೆಲ್ ಮಿಲ್ಲಿನ ಎದುರಿಗೇ ಕರೆಂಟಿನ ಮಿಲ್ಲು ಹಾಕಿದವನು. ಹಾಕಲಿ, ಅದು ವ್ಯಾಪಾರ. ಆದರೆ ಹೋದ ತಿಂಗಳು ಸಂತೆಯಲ್ಲಿ ನಾಲ್ಕು ಜನರ ಎದುರು ಇವರ ಬಗ್ಗೆ ಅಂದನಲ್ಲ — "ಸುಬ್ಬಯ್ಯನಿಗೂ ಸುಬ್ಬಯ್ಯನ ಮಿಲ್ಲಿಗೂ ಒಂದೇ ಕಾಯಿಲೆ, ಫಿಲ್ಟರ್ ಕಟ್ಟಿಕೊಂಡಿದೆ" ಅಂತ. ಜನ ನಕ್ಕರು. ನನ್ನ ಕಿವಿಯಾರೆ ಕೇಳಿದ್ದು. ಅವನ ಗಾಡಿಯಲ್ಲಿ ಇವರು ಕೂರುವುದ?

"ಕೇಳಲಿ ಬಿಡೆ" ಅಂದರು ಇವರು. "ಜೀಪಾದರೆ ಎಂತ. ನಾನು ಬರ್ತೇನೆ."

"ನಾನು ಬರಲ್ಲ" ಅಂದೆ.

ಮಾತು ಅಲ್ಲಿಗೆ ಮುಗಿಯಿತು. ರೇಡಿಯೇಟರಿಗೆ ತುಂಬಲು ಕ್ಯಾನಿನಲ್ಲಿ ನೀರು ತೆಗೆದಿಡಿಸಿದ್ದೇನೆ. ನಿಧಾನ ಹೋದರೆ ಮುಟ್ಟುತ್ತದೆ.

ಜನವರಿ 12, ಬುಧವಾರ

ನಿನ್ನೆ ಬರೆಯಲು ಆಗಲಿಲ್ಲ.

ಮಂಡಗದ್ದೆ ದಾಟಿ ಕಾಡಿನ ನಡುವೆ. ಢಣ್ ಅಂತ ಹೊಡೆದ ಸದ್ದು, ಎದುರಿಗೆಲ್ಲ ಹಬೆ. ಪಂಪಿನ ಪುಲ್ಲಿ ಓರೆಯಾಗಿ ಫ್ಯಾನ್ ಹೋಗಿ ರೇಡಿಯೇಟರಿಗೆ ಹೊಡೆದಿದೆ. ಹೊಸ ಬೆಲ್ಟ್ ಹರಿದು ರಸ್ತೆಯಲ್ಲಿ ಬಿದ್ದಿತ್ತು. ಕ್ಯಾನಿನ ನೀರು ಯಾವ ಲೆಕ್ಕಕ್ಕೂ ಬರಲಿಲ್ಲ.

ಇವರಿಗೆ ಉಬ್ಬಸ. ಬಾಗಿಲು ತೆಗೆದು ಕಾಲು ಹೊರಗಿಟ್ಟು ಕೂರಿಸಿದೆ. ಎರಡು ಬಸ್ಸು ನಿಲ್ಲಿಸದೇ ಹೋದವು. ಮೂರನೆಯದಕ್ಕೆ ಧರ್ಮೇಶ್ ರಸ್ತೆಗೆ ಅಡ್ಡ ನಿಂತ. ಇವರಿಗೆ ಮೆಟ್ಟಿಲಿಗೆ ಕಾಲೆತ್ತಲು ಆಗಲಿಲ್ಲ. ಕಂಡಕ್ಟರ್ ಒಳ್ಳೆಯವನೇ. ಇಳಿದು ಬಂದ.

"ತೊಡೆ ಕೆಳಗೆ ಕೈ ಕೊಡ್ರಿ, ಮೂಟೆ ಎತ್ತಿದಂಗೆ ಒಂದೇ ಸಲ. ಹ್ಞಾಂ... ಎತ್ತಿ!"

ಎತ್ತುವಾಗ ಪಂಚೆ ಬಿಚ್ಚಿಹೋಯಿತು. ಬಸ್ಸಿನ ತುಂಬ ಜನ. ನಾನು ಸೆರಗು ಅಡ್ಡ ಹಿಡಿದೆ, ಅಷ್ಟರಲ್ಲಿ ನೋಡುವವರೆಲ್ಲ ನೋಡಿ ಆಗಿತ್ತು. ಇವರು ಕಣ್ಣು ಮುಚ್ಚಿಕೊಂಡರು. ಶಿವಮೊಗ್ಗದ ತನಕ ತೆರೆಯಲಿಲ್ಲ.

ಆಸ್ಪತ್ರೆಯಲ್ಲಿ ಇವರ ಪಾಳಿಯ ಮೆಷಿನ್ ಇನ್ನೊಬ್ಬರಿಗೆ ಕೊಟ್ಟಾಗಿತ್ತು. ಸಂಜೆ ತನಕ ಬೆಂಚು. ಆಮೇಲೆ ಮಾಡಿದ್ದೂ ಅರ್ಧವೇ. ಹೀಗೆ ತಡ ಮಾಡಿದರೆ ಹೇಗೆ ಅಂತ ಡಾಕ್ಟರು ರೇಗಿದರು.

"ನನ್ನದೇ ತಪ್ಪು ಸಾರ್. ಬೆಲ್ಟ್ ಜಾಸ್ತಿ ಬಿಗಿ ಮಾಡಿಬಿಟ್ಟೆ" ಅಂದ ಧರ್ಮೇಶ್.

ನಾನು ಪಕ್ಕದಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ. ಅವನು ನನ್ನ ಕಡೆ ನೋಡಲೂ ಇಲ್ಲ.

ಜನವರಿ 14, ಶುಕ್ರವಾರ. ಸಂಕ್ರಾಂತಿ

ಮೊದಲ ಬಸ್ಸಿಗೆ ಹೊರಡಿಸಬೇಕೆಂದು ಬೆಳಿಗ್ಗೆ ಬಿಸಿನೀರು ಕಾಯಿಸಿದೆ. ಇವರು ಏಳಲಿಲ್ಲ.

"ಬರಲ್ಲ."

"ಇವತ್ತು ಒಂದು ದಿನ—"

"ಯಾವತ್ತೂ ಬರಲ್ಲ. ಜನ್ಮ ಇಡೀ ಮೂಟೆ ಹೊತ್ತವನು ನಾನು. ಈಗ ಮೂಟೆ ಆಗಲ್ಲ."

ಧರ್ಮೇಶ್ ಹೇಳಿದ, ಭವ್ಯ ಕಾಲು ಹಿಡಿದು ಅತ್ತಳು. ನಾನು ಗದರಿದೆ. ಎಲ್ಲದಕ್ಕೂ ಗೋಡೆ ಕಡೆ ಮುಖ. ನನ್ನ ಗದರಿಕೆಗೆ ಹೆದರದೇ ಇದ್ದದ್ದು ಇದೇ ಮೊದಲು.

ಭವ್ಯ ಎಳ್ಳುಬೆಲ್ಲ ಕೊಟ್ಟಳು. ಒಂದು ಚೂರು ಬೆಲ್ಲ ಬಾಯಲ್ಲಿ ಇಟ್ಟುಕೊಂಡರು.

ಜನವರಿ 16, ಭಾನುವಾರ

ಪಾದ ಒತ್ತಿದರೆ ಬೆರಳಿನ ಗುಂಡಿ ಹಾಗೇ ನಿಲ್ಲುತ್ತದೆ. ಮಲಗಲು ಆಗುವುದಿಲ್ಲ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದೇವೆ. ಮಾತು ನಾಲ್ಕು ಶಬ್ದಕ್ಕೆ ಒಂದು ಉಸಿರು. ಜಯಪುರದ ಡಾಕ್ಟರು ಬಂದು ನೋಡಿ ಧರ್ಮೇಶನನ್ನು ಜಗುಲಿಗೆ ಕರೆದುಕೊಂಡು ಹೋದರು. ಮಂಗಳವಾರವೂ ತಪ್ಪಿದರೆ ಮುಗಿದ ಹಾಗೆ ಅಂದರಂತೆ.

ಆವತ್ತು ಜೀಪಾದರೆ ಬರ್ತೇನೆ ಅಂದಿದ್ದರು. ಇವರೇ ಅಂದಿದ್ದರು.

ಜನವರಿ 17, ಸೋಮವಾರ

ಧರ್ಮೇಶನನ್ನು ಕಳಿಸಲಿಲ್ಲ. ನಾನೇ ಹೋದೆ.

ಪರಮೇಶ್ವರ ಮಿಲ್ಲಿನಲ್ಲಿದ್ದ. ನನ್ನನ್ನು ಕಂಡು ಮೆಷಿನ್ ಆಫ್ ಮಾಡಿದ. ಹಿಟ್ಟಿಗೆ ಬಂದ ಹೆಂಗಸರೆಲ್ಲ ನೋಡುತ್ತಿದ್ದರು. ಅವರ ಎದುರಿಗೇ ಕೇಳಿದೆ.

"ನಾಳೆ ಜೀಪು ಬೇಕಿತ್ತು. ಶಿವಮೊಗ್ಗಕ್ಕೆ."

"ಕೂತ್ಕೊಳಿ ಯಮುನಕ್ಕ."

"ಕೂರಲು ಬಂದಿಲ್ಲ."

ತಲೆಗೆ ಕಟ್ಟಿದ ಟವೆಲ್ ಬಿಚ್ಚಿ ಕೈ ಒರೆಸಿಕೊಂಡ. "ಕಾರಿನದ್ದು ಕೇಳಿದೆ. ಧರ್ಮೇಶ್ ಬೆಲ್ಟ್ ಬಿಗಿ ಮಾಡಿದ್ದಂತೆ. ಹುಡುಗು ಬುದ್ಧಿ."

"ಮಾಡಿದ್ದು ಅವನಲ್ಲ. ನಾನು."

ಟವೆಲ್ ಹೆಗಲಿಗೆ ಹಾಕಿಕೊಂಡ.  ಸಂತೆಯ ಮಾತು ತೆಗೆಯುತ್ತಾನೇನೋ ಅಂತ ಕಾದೆ. ಅವನೂ ಕಾದ ಹಾಗೆ ಕಂಡಿತು.

"ಬೆಳಿಗ್ಗೆ ಅಂಗಳಕ್ಕೇ ತರ್ತೇನೆ" ಅಂದ. "ಹಿಂದಿನ ಸೀಟು ಬಿಚ್ಚಿ ಹಾಸಿಗೆ ಹಾಕ್ತೇನೆ. ಸುಬ್ಬಯ್ಯಣ್ಣ ಕಾಲು ಚಾಚಿ ಕೂರಬಹುದು. ಯಾರೂ ಎತ್ತೋದು ಬೇಡ, ಕುರ್ಚಿ ಇಟ್ಟು ಹತ್ತಿಸುವ."

ಬಂದು ಇವರಿಗೆ ಹೇಳಿದೆ. ಒಂದೊಂದೇ ಮಾತು ಬಿಡಿಸಿ ಹೇಳಿದೆ — ಕುರ್ಚಿಯದ್ದು, ಹಾಸಿಗೆಯದ್ದು. ಕೇಳಿಸಿಕೊಂಡರು. ತಲೆ ನನ್ನ ಕಡೆ ತಿರುಗಿಸಿದರು.

"ನೀನು... ಹೋಗಿ ಕೇಳಿದೆಯ?"

"ಹೌದು."

"ಈಗ... ಕೇಳಿದೆಯ."



ಜನವರಿ 18, ಮಂಗಳವಾರ, ಬೆಳಿಗ್ಗೆ

ಜೀಪು ಬಂದು ನಿಂತಿದೆ. ಸೀಟು ಬಿಚ್ಚಿದ್ದಾನೆ, ಹೊಸ ಚಾಪೆಯ ಮೇಲೆ ಹಾಸಿಗೆ. ಧರ್ಮೇಶ್ ಕುರ್ಚಿ ಇಟ್ಟುಕೊಂಡು ನಿಂತಿದ್ದಾನೆ. ಭವ್ಯ ಬುತ್ತಿ ಕಟ್ಟಿ ಆಯಿತು.

ಇವರು ಎದ್ದಿಲ್ಲ. ಕಣ್ಣು ತೆರೆದಿದೆ. ಸ್ವೆಟರ್ ಹಾಕಲು ಹೋದರೆ ತೋಳು ಗಟ್ಟಿ ಮಾಡುತ್ತಾರೆ. ಗದರಲಿಲ್ಲ.  ಹೊರಗೆ ಬಂದು ಈ ಬಾಗಿಲ ಹತ್ತಿರ ಕೂತು ಬರೆಯುತ್ತಿದ್ದೇನೆ.

ಪರಮೇಶ್ವರ ಹಾರ್ನ್ ಹೊಡೆಯಲಿಲ್ಲ. "ಎಷ್ಟು ಹೊತ್ತಾದರೂ ಆಗಲಿ ಅಕ್ಕ" ಅಂದ.

ಇವರ ಪಾದ ಚಪ್ಪಲಿಗೆ ಹಿಡಿಸುವುದಿಲ್ಲ. ಬಾರು ಕತ್ತರಿಸಿ ಸಡಿಲ ಮಾಡಿಟ್ಟಿದ್ದೇನೆ. ಈಗ ಒಳಗೆ ಹೋಗಿ ಕೇಳಿಕೊಳ್ಳುತ್ತೇನೆ. ಹೇಳುವುದಲ್ಲ, ಕೇಳಿಕೊಳ್ಳುವುದು. ಹೇಗೆ ಶುರು ಮಾಡಬೇಕು ಅಂತ ಗೊತ್ತಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಏಳುತ್ತೇನೆ.