ನಲವತ್ತೇಳನೇ ನಂಬರಿನ ತೂಕ

ಆಗಸ್ಟ್ 4, ಸೋಮವಾರ

ಮಾನ್ಯ ಅಧ್ಯಕ್ಷರೇ, ಹೊಟ್ಟೆ ಒಳಗೆಳೆದುಕೊಂಡು ನಿಂತಿರುವ ವಿದ್ಯಾರ್ಥಿ ಬಂಧುಗಳೇ, ದಾಕ್ಷಿಣ್ಯವನ್ನೇ ಅರಿಯದ ತೂಕದ ಮೆಷಿನ್ನೇ — ಇಂದು ನಲವತ್ತು ಮಂದಿಯನ್ನು ತೂಗಿ, ಚಿವುಟಿ, ಕಳಿಸಿದೆವು.

ವಿಶ್ವವಿದ್ಯಾಲಯಕ್ಕೆ ಸೇರಿದವರು ಓದುತ್ತ ಓದುತ್ತ ಎಷ್ಟು ಊದುತ್ತಾರೆ ಎಂಬುದು ಪ್ರೊಫೆಸರ್ ಮೇಡಂ ಅವರ ಸಂಶೋಧನೆ. ಆರು ತಿಂಗಳಿಗೊಮ್ಮೆ ಅದೇ ಇನ್ನೂರು ಮಂದಿ. ಇದು ಮೂರನೇ ಸಲ. ಸಿಸ್ಟರ್ ತೂಕ ಓದಿ ಹೇಳುತ್ತಾರೆ. ನಾನು ತೋಳಿನ ಹಿಂಭಾಗವನ್ನು ಇಕ್ಕಳದಲ್ಲಿ ಹಿಡಿದು ಕೊಬ್ಬಿನ ದಪ್ಪ ನೋಡಿ, ಎರಡನ್ನೂ ಕಂಪ್ಯೂಟರಿಗೆ ಹಾಕುತ್ತೇನೆ.

ಮೊದಲ ವರ್ಷ, ಹಾಸ್ಟೆಲಿನ ಹರ್ಷ,
ಬೆಲ್ಟಿಗೂ ಗುಂಡಿಗೂ ಸಂಘರ್ಷ.

ಎಲ್ಲರೂ ಏರಿದ್ದಾರೆ. ನಲವತ್ತೇಳನೇ ನಂಬರಿನ ಹುಡುಗಿ ಮಾತ್ರ ಐವತ್ತನಾಲ್ಕು ಕೆಜಿ. ಸೇರಿದಾಗ ಅಷ್ಟೇ, ಫೆಬ್ರವರಿಯಲ್ಲಿ ಅಷ್ಟೇ, ಈಗಲೂ ಅಷ್ಟೇ. ತೋಳು ಹದಿನೆಂಟು ಮಿಲಿಮೀಟರ್, ಅದೂ ಮೊದಲಿನ ಹಾಗೆಯೇ. ಆದರೆ ಕೈಗಡಿಯಾರ ಮೊಣಕೈವರೆಗೆ ಜಾರುತ್ತಿತ್ತು.

ಎಲ್ಲೋ ಮೋಸವಿದೆ.

ಆಗಸ್ಟ್ 5

ಲ್ಯಾಬಿನಿಂದ ಇಪ್ಪತ್ತು ಕೆಜಿಯ ತೂಕದ ಕಲ್ಲು ತಂದು ಮೆಷಿನ್ ಮೇಲಿಟ್ಟೆ. ಇಪ್ಪತ್ತೇ ತೋರಿಸಿತು. ಮೆಷಿನ್ ನಿರಪರಾಧಿ. ಹಾಗಾದರೆ ಸಿಸ್ಟರ್? ಕೈಯಲ್ಲಿ ಸದಾ ಫೋನ್...

"ಸಿಸ್ಟರ್, ನಿನ್ನೆ ನಲವತ್ತೇಳು — ಐವತ್ತನಾಲ್ಕೇನಾ ನೋಡಿದ್ದು?"

"ಮತ್ತೇನು, ನನ್ನ ತೂಕ ಹೇಳಿದ್ನಾ? ನಾನು ಹತ್ತಿದ್ರೆ ಮೆಷಿನ್ನೇ ರಾಜೀನಾಮೆ ಕೊಡುತ್ತೆ ಕಣ್ರೀ."

ನಕ್ಕರು. ಅಷ್ಟು ಜೋರಾಗಿ ನಗುವ ಅಗತ್ಯವೇನಿತ್ತು?

ಆಗಸ್ಟ್ 9, ಶನಿವಾರ

ಕ್ಯಾಂಟೀನಿನಲ್ಲಿ ಕಂಬದ ಮರೆಯಲ್ಲಿ ಕುಳಿತೆ. ಹುಡುಗಿ ಎಲ್ಲರ ಹಾಗೆ ತಟ್ಟೆ ತುಂಬ ಬಡಿಸಿಕೊಂಡಳು. ಬಾಯಿಗೆ ತುತ್ತಿಗಿಂತ ಮಾತಿನದೇ ಕೆಲಸ ಜಾಸ್ತಿ. ಪಕ್ಕದ ಗೆಳತಿಯ ತಟ್ಟೆ ಎರಡು ಸಲ ತುಂಬಿತು, ಇವಳದು ತಾನಾಗಿಯೇ ಖಾಲಿಯಾಯಿತು. ತಿಂದದ್ದು — ಎಣಿಸಿದೆ — ನಾಲ್ಕು ತುತ್ತು.

ಮನೆಯಲ್ಲಿ ಹೇಳಿದರೆ ಯಜಮಾನರದ್ದು ಒಂದೇ ಪಲ್ಲವಿ: "ಮೊಸರಲ್ಲಿ ಕಲ್ಲು ಹುಡುಕೋದು ಬಿಡೇ. ಆ ಮಗು ತಿಂದ್ರೆ ನಿನಗೇನು, ಬಿಟ್ರೆ ನಿನಗೇನು?"

ನನಗೇನು? ನಾಲ್ಕು ತುತ್ತಿಗೆ ಐವತ್ತನಾಲ್ಕು ಕೆಜಿ ನಿಲ್ಲುವುದು ಹೇಗೆ? ಅದು.

ಆಗಸ್ಟ್ 13, ಬೆಳಿಗ್ಗೆ 11

ಸಿಸ್ಟರ್ ರಜೆ. ಹುಡುಗಿಯನ್ನು ಒಬ್ಬಳನ್ನೇ ಕರೆಸಿದೆ.

"ಶೂ, ಸಾಕ್ಸ್ ಬಿಚ್ಚಮ್ಮ."

"ಚಳಿ ಆಂಟಿ."

"ಫ್ಯಾನ್ ಆರಿಸ್ತೀನಿ. ಬಿಚ್ಚು."

ಎರಡೂ ಕಾಲಿಗೆ ಮರಳು ತುಂಬಿದ ಪಟ್ಟಿ, ಓಟಗಾರರು ಕಟ್ಟಿಕೊಳ್ಳುವಂಥದ್ದು. ಒಂದೊಂದು ನಾಲ್ಕು ಕೆಜಿ. ಅವನ್ನು ಬಿಚ್ಚಿಸಿ ಹತ್ತಿಸಿದೆ. ನಲವತ್ತಾರು. ಅದರಲ್ಲೂ ತೂಕಕ್ಕೆಂದೇ ಹೊಟ್ಟೆ ತುಂಬ ಕುಡಿದು ಬಂದ ನೀರು.

"ಮನೆಗೆ ಹೇಳಬೇಡಿ ಆಂಟಿ. ತೂಕ ಇಳಿದಿದೆ ಅಂದ್ರೆ ಓದು ಬಿಡಿಸಿ ಕರ್ಕೊಂಡು ಹೋಗ್ತಾರೆ. ನಾನೇ ಸರಿ ಮಾಡ್ಕೋತೀನಿ."

"ಸರಿ ಮಾಡ್ಕೊಳ್ಳೋ ಮುಖ ನೋಡು!"

ಆಗ ಒಂದು ಮಾತು ಅಂದಳು. "ಫೆಬ್ರವರಿಯಲ್ಲಿ ನೀವು ನನ್ನ ತೋಳು ಹಿಡ್ಕೊಂಡು ಒಂದು ಗಳಿಗೆ ಸುಮ್ಮನೆ ನಿಂತ್ರಲ್ಲ. ಗೊತ್ತಾಗಿದೆ, ಆದ್ರೂ ಹೇಳಲ್ಲ ಅಂದ್ಕೊಂಡಿದ್ದೆ."

ಏನು ಧೈರ್ಯ! ತಾನು ಜಾರುವಾಗ ನನ್ನ ಸೆರಗನ್ನೂ ಹಿಡಿದುಕೊಳ್ಳುವ ಉಪಾಯ. ಕೈ ಹಿಡಿದು ಸೀದಾ ವಿಶ್ವವಿದ್ಯಾಲಯದ ಡಾಕ್ಟರ ಬಳಿ ಕರೆದೊಯ್ದೆ. ದಾರಿಯುದ್ದಕ್ಕೂ ಅತ್ತಳು. ಕೈಯಲ್ಲ ಅದು, ಕಡ್ಡಿ.

ಆಗಸ್ಟ್ 27

ಎರಡು ವಾರ ಏನೂ ಬರೆದಿಲ್ಲ. ಪ್ರಾಸವೂ ಹೊಳೆಯುತ್ತಿಲ್ಲ.

ಡಾಕ್ಟರು ಅಂದೇ ದಾಖಲಾಗು ಎಂದಿದ್ದರು. ಪರೀಕ್ಷೆ ಮುಗಿಸಿ ಬರ್ತೀನಿ ಎಂದು ತಪ್ಪಿಸಿಕೊಂಡಳು. ನಿನ್ನೆ ಮೆಟ್ಟಿಲ ಮೇಲೆ ಬಿದ್ದಳಂತೆ. ಈಗ ಆಸ್ಪತ್ರೆಯಲ್ಲಿದ್ದಾಳೆ. ಎದೆಬಡಿತ ನಿಮಿಷಕ್ಕೆ ಮೂವತ್ತೆಂಟು.

ಡಾಕ್ಟರು ಮಧ್ಯಾಹ್ನ ನಮ್ಮ ಕೋಣೆಗೇ ಬಂದರು. "ಊಟ ಬಿಟ್ಟಿದ್ದು ಒಂದು ತಿಂಗಳಿಂದ ಅಷ್ಟೇ ಅಂತಾಳೆ. ನಂಬಿಕೆ ಬರ್ತಿಲ್ಲ. ಬಹಳ ದಿನದ್ದಾದ್ರೆ ಊಟ ತುಂಬಾ ನಿಧಾನಕ್ಕೆ ಏರಿಸಬೇಕು, ಆತುರಪಟ್ರೆ ಹೃದಯಕ್ಕೇ ಅಪಾಯ. ನಿಮ್ಮ ದಾಖಲೆ ಏನು ಹೇಳುತ್ತೆ?"

ಪ್ರೊಫೆಸರ್ ಮೇಡಂ ಕಂಪ್ಯೂಟರಿನ ಪರದೆ ತೋರಿಸಿದರು. "ತೂಕಕ್ಕೆ ಮರಳು ಕಟ್ಟಿದ್ಳು, ಸರಿ. ತೋಳಿಗೆ ಕೊಬ್ಬು ಕಟ್ಟೋಕಾಗಲ್ವಲ್ಲ. ಫೆಬ್ರವರಿಯಲ್ಲಿ ಹದಿನೆಂಟು. ಈ ತಿಂಗಳು ನಾಲ್ಕನೇ ತಾರೀಕೂ ಹದಿನೆಂಟು. ಅಂದ್ರೆ ಅವಳು ಹೇಳೋದೇ ನಿಜ, ಇತ್ತೀಚಿನ್ದು. ಅಥವಾ ಇಕ್ಕಳದ ಸ್ಪ್ರಿಂಗ್ ಸಡಿಲ ಆಗಿರಬೇಕು. ಅಲ್ವೇನ್ರೀ?"

"ಇರಬಹುದು ಮೇಡಂ," ಎಂದೆ.

ಡಾಕ್ಟರು 'ಇತ್ತೀಚಿನದು' ಎಂದು ಬರೆದುಕೊಂಡು ಹೋದರು. ಸಿಸ್ಟರ್ ನನ್ನನ್ನೇ ನೋಡುತ್ತಿದ್ದರು. ಏನು ನೋಡುವುದು? ಅವರಿಗೂ ಏನೋ ಗೊತ್ತಿರಬೇಕು...

ಆಗಸ್ಟ್ 28, ಬೆಳಿಗ್ಗೆ 6

ಮಾನ್ಯ ಅಧ್ಯಕ್ಷರೇ —

ಯಾವ ಅಧ್ಯಕ್ಷರೂ ಇಲ್ಲ, ಯಾವ ಸಭೆಯೂ ಇಲ್ಲ. ಇಕ್ಕಳ ಸರಿ ಇದೆ.

ಫೆಬ್ರವರಿಯಲ್ಲಿ ಅವಳ ತೋಳು ಒಂಬತ್ತು ಇತ್ತು. ತೂಕ ಅಷ್ಟೇ, ಕೊಬ್ಬು ಅರ್ಧ. ಕಂಪ್ಯೂಟರ್ ಒಪ್ಪಲಿಲ್ಲ. ಪರದೆಯಲ್ಲಿ ಅಂಕಿ ತುಂಬುವ ಪೆಟ್ಟಿಗೆ ಕೆಂಪಾಯಿತು, ಮೂರು ಸಲ ಮತ್ತೆ ಅಳೆ, ಕಾರಣ ಬರೆ ಎಂದಿತು. ಕಾರಣ ಇಂಗ್ಲಿಷಿನಲ್ಲಿ ಬರೆಯಬೇಕು. ಬಾಗಿಲಾಚೆ ಹದಿನಾರು ಮಂದಿ ಸಾಲು. ಅವಳ ತೋಳು ಹಿಡಿದು ನಿಂತದ್ದು ನಿಜ. ಆಮೇಲೆ ಹಳೆಯ ಹದಿನೆಂಟನ್ನೇ ಒತ್ತಿದೆ. ಕೆಂಪು ಹೋಯಿತು. ಈ ಆಗಸ್ಟಿನಲ್ಲಿ ಇಕ್ಕಳ ಆರು ತೋರಿಸಿತು. ಆಗಲೂ ಹದಿನೆಂಟನ್ನೇ ಒತ್ತಿದೆ.

ಏಳೂವರೆಗೆ ಅವಳಿಗೆ 'ಇತ್ತೀಚಿನದು' ಎಂಬ ಲೆಕ್ಕದಲ್ಲೇ ತಿಂಡಿ ಕೊಡುತ್ತಾರೆ. ಡಾಕ್ಟರಿಗೆ ಫೋನ್ ಮಾಡಿದ್ದೇನೆ, ರಿಂಗಾಗುತ್ತಿದೆ, ಅವರು ಎತ್ತುತ್ತಿಲ್ಲ, ಎತ್ತಿದರೆ ಹೇಳಬೇಕಾದದ್ದು ಇಷ್ಟೇ, ಸಾರ್, ಇತ್ತೀಚಿನದಲ್ಲ, ಫೆಬ್ರವರಿಯಿಂದಲೇ, ನನಗೆ