ಭಂಡಾರಕ್ಕೆ ಕ್ಯಾಮೆರಾ ಗೊತ್ತಿಲ್ಲ

ಗಲಗಲಿ
14-5-2012, ಸೋಮವಾರ

ದೋಸ್ತ ಅಜಯನಿಗೆ,

ಯಲ್ಲಾಲಿಂಗನ ನಮಸ್ಕಾರ. ಹತ್ತನೇ ತರಗತಿ ಮುಗಿದ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ನಗು. ಧಾರವಾಡದಲ್ಲಿ ಕೂತು ನೀನು ನಕ್ಕರೆ ಇಲ್ಲಿಗೇನು ಕೇಳುವುದಿಲ್ಲ.

ನಾನು ಫೋನ್ ಎತ್ತಲಿಲ್ಲವೆಂದು ನೀನು ಬರೆದ ಕಾಗದ ಬಂದು ಒಂಬತ್ತು ದಿನವಾಯಿತು. ನೀನು ಕೇಳಿದ್ದು ಒಂದೇ. ಉಮಾಶ್ರೀಯ ಅಪ್ಪ ಗಿರಮಲ್ಲಪ್ಪ ಕಾಕಾನ ಹತ್ತಿರ ಹೋಗಿ ನಾನೊಂದು ಸುಳ್ಳು ಹೇಳಬೇಕು. ಸಿನಿಮಾದಲ್ಲಿ ನೀನು ಮುಟ್ಟಿ ಆಣೆ ಮಾಡಿದ್ದು ಬೀರೇಶ್ವರನ ಗುಡಿಯ ಭಂಡಾರದ ಅರಿಷಿಣವಲ್ಲ, ಬರೀ ಅಡುಗೆಯ ಅರಿಷಿಣ ಎನ್ನಬೇಕು. ಅಷ್ಟು ಹೇಳಿದರೆ ಆಕೆಯನ್ನು ನಿನಗೆ ಕೊಡುತ್ತಾರೆ. 'ಒಂದ ಸುಳ್ಳ ದೋಸ್ತಾ, ನನ್ನ ಜೀವ ನಿನ್ನ ಕೈಯಾಗ ಐತಿ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ.

ಆ ಕೈ ಎಂಥದ್ದು ಎಂಬುದನ್ನು ಮೊದಲು ನೆನಪು ಮಾಡಿಕೊಡುತ್ತೇನೆ.

ಹೋದ ವರ್ಷ ಏಪ್ರಿಲ್‌ನಲ್ಲಿ ಆಣೆಕಟ್ಟಿನ ಹಿನ್ನೀರು ಇಳಿದು, ಮುಳುಗಿದ್ದ ಹಳೆ ಮನೆಗಳ ಗೋಡೆ ಮೇಲೆದ್ದಾಗ ನೀನು ಜಮಖಂಡಿಯಿಂದ ಕ್ಯಾಮೆರಾ ಹಿಡಿದು ಬಂದೆ. ನಿಮ್ಮ ಕಾಲೇಜಿನ ಸ್ಪರ್ಧೆಗೆ ಫೈಟಿಂಗ್ ಸಿನಿಮಾ. 'ಎಲ್ಲಾ ಪಿಕ್ಚರದಾಗ ಹೀರೋ ಹತ್ತ ಮಂದೀನ ಕೆಡವತಾನ, ಅಂಗಿ ಇಸ್ತ್ರಿ ಸೈತ ಮುರಿಯೂದಿಲ್ಲ. ನಮ್ಮದ್ರಾಗ ಹಂಗ ಬ್ಯಾಡ. ಪೆಟ್ಟು ಬಿದ್ರ ನೋವಾಗಬೇಕು. ಕಡೀಕ ಹೀರೋ ಸೋಲಬೇಕು' ಎಂದೆ. ನನಗೂ ಖುಷಿಯಾಯಿತು. ಸೋಲುವ ಹೀರೋನ ಪಾರ್ಟು ನನಗೇ ಬರಬಹುದು ಅಂದುಕೊಂಡಿದ್ದೆ. ನೀನು ನನ್ನ ಕೊರಳಿಗೆ ಕೆಂಪು ವಸ್ತ್ರ ಕಟ್ಟಿ, 'ಗೂಂಡಾ ಅಂದ್ರ ಕರ್ರಗ ಇರಬೇಕಲೇ, ನಿನಗ ಮೇಕಪ್ಪೂ ಬ್ಯಾಡ' ಎಂದೆ. ಎಲ್ಲರೂ ನಕ್ಕರು. ಹೀರೋ ನೀನೇ ಆದೆ. ಎಲ್ಲಾ ಹೊಸದು ಮಾಡುತ್ತೇನೆಂದವನು ಇದೊಂದನ್ನು ಹಳೆಯದೇ ಇಟ್ಟುಕೊಂಡೆ.

ನಾನು ಆಗ ದಿನಾ ಬೆಳಿಗ್ಗೆ ಮಿಲಿಟರಿ ಭರ್ತಿಗೆ ಓಡುತ್ತಿದ್ದೆ. ಅದು ನಿನಗೆ ಗೊತ್ತಿತ್ತು. ಬೀಳಗಿ ರಸ್ತೆಯಲ್ಲಿ ನಿನ್ನ ಗಡಿಯಾರ ನೋಡಿ ಟೈಮು ಹೇಳುತ್ತಿದ್ದವನೇ ನೀನು. ಹೊಡೆದಾಟಕ್ಕೆ ಜೋಳದ ದಂಟಿಗೆ ಪೇಪರು ಸುತ್ತಿ ಬಣ್ಣ ಬಳಿದಿದ್ದೆವು. ನಾಲ್ಕು ಸಲ ನೀನು ಹೊಡೆದೆ, ನಾಲ್ಕು ಸಲ ನಾನು ಚೀರಿದೆ. 'ಆಡು ಒದರಿದಂಗ ಒದರಾಕತ್ತೀಯಲ್ಲೋ' ಎಂದು ಬೈದೆ. ಐದನೆಯ ಸಲ ನಿನ್ನ ಕೈಯಲ್ಲಿದ್ದದ್ದು ದಂಟಲ್ಲ, ಅದೇ ಬಣ್ಣದ ಬಡಿಗೆ. ನನಗೆ ಹೇಳಲಿಲ್ಲ. ಹೇಳಿದ್ದರೆ ಮುಖದಲ್ಲಿ ಗೊತ್ತಾಗುತ್ತಿತ್ತಂತೆ.

ಮೊಣಕೈ ಎಲುಬು ಸೀಳಿತು. ನಾನು ಮಣ್ಣಿನಲ್ಲಿ ಹೊರಳಾಡುತ್ತಿದ್ದರೆ ಕ್ಯಾಮೆರಾ ಹಿಡಿದ ಮುತ್ತಣ್ಣ ಬಂದ್ ಮಾಡಲು ಹೋದ. ನೀನು ಕೈ ಅಡ್ಡ ಹಿಡಿದೆ. ಆಮೇಲೆ ಬಂದು ನನ್ನ ಬೆನ್ನು ತಟ್ಟಿ, 'ಛಲೋ ಆತು ದೋಸ್ತಾ. ಇಂಥಾ ಚೀರು ರೊಕ್ಕಾ ಕೊಟ್ರೂ ಸಿಗೂದಿಲ್ಲ' ಎಂದೆ.

ನವೆಂಬರ್ ಭರ್ತಿಯಲ್ಲಿ ಓಟದಲ್ಲಿ ನಾನು ಮೂರನೆಯವನು. ಡಾಕ್ಟರು ಕೈ ಚಾಚು ಎಂದರು. ಚಾಚಿದೆ. ಪೂರ್ತಿ ಚಾಚು ಎಂದರು. ಅದೇ ಪೂರ್ತಿ, ಅಜಯ. ಅವರು ಮುಂದಿನವನನ್ನು ಕರೆದರು.

ಅದೇ ತಿಂಗಳು ನಿನ್ನ ಸಿನಿಮಾಕ್ಕೆ ಮೊದಲ ಬಹುಮಾನ ಬಂತು. ಹಿಂದಿನ ಸಾಲಿನಲ್ಲಿ ಕೂತು ನಾನೂ ನೋಡಿದೆ. ನನ್ನ ಚೀರಿಗೆ ನಿನ್ನ ಕಾಲೇಜಿನವರು ಸಿಳ್ಳೆ ಹೊಡೆದರು. ಕೊನೆಗೆ ಹೆಸರು ಬಂದವು. ಚಹಾ ತಂದುಕೊಟ್ಟವನ ಹೆಸರೂ ಇತ್ತು. ನನ್ನದಿರಲಿಲ್ಲ. 'ಮತ್ತು ಗಲಗಲಿಯ ಗೆಳೆಯರು' ಎಂದಿತ್ತು.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಹೋದ ತಿಂಗಳು ಆ ಸಿನಿಮಾದ ಸಿಡಿಯನ್ನು ಗಿರಮಲ್ಲಪ್ಪ ಕಾಕಾನ ಮನೆಗೆ ಒಯ್ದವನು ನಾನೇ. ನಿಮ್ಮಿಬ್ಬರ ಮಾತು ನಡೆದಿದೆ, ಮುಂದಿನ ವಾರ ನಿನ್ನ ಅಪ್ಪ ಹೆಣ್ಣು ಕೇಳಲು ಬರುತ್ತಾರೆ ಎಂದು ಗೊತ್ತಿದ್ದೇ ಒಯ್ದೆ. 'ಅಳಿಯಾ ಆಗಾಂವ ಹೆಂಗ ಮಾಡ್ಯಾನ ನೋಡ್ರಿ ಕಾಕಾ' ಎಂದು ನಾನೇ ಹಾಕಿ ತೋರಿಸಿದೆ.

ಕೊನೆಯ ಸೀನು ಬಂತು. ಸೋತ ಹೀರೋ ಗೂಂಡಾನ ಕಾಲ ಬಳಿ ಕೂತು, ನಾನು ತಂದುಕೊಟ್ಟ ಭಂಡಾರದ ಡಬ್ಬಿಯಲ್ಲಿ ಕೈ ಅದ್ದಿ, 'ಬೀರಪ್ಪನ ಆಣಿ, ಉಮಾಶ್ರೀನ್ನ ಬಿಟ್ಟೆ, ಈ ಜನ್ಮದಾಗ ಆಕೀನ್ನ ಮದುವಿ ಆಗೂದಿಲ್ಲ' ಎನ್ನುತ್ತಾನೆ. ಖರೆ ಕಣ್ಣೀರು ಬರಲಿ ಎಂದು ಖರೆ ಹೆಸರು ಇಟ್ಟವನು ನೀನೇ. ಹಣೆಗೆ ಹಚ್ಚಿಕೊಳ್ಳುವಾಗ ನಿನ್ನ ಕೈ ನಡುಗಿದೆ. ಬಹುಮಾನ ಕೊಟ್ಟವರು ಆ ನಡುಗುವ ಕೈಯನ್ನೇ ಹೊಗಳಿದರಲ್ಲ.

'ಅಪ್ಪಾ, ಅದು ಸಿನಿಮಾ' ಎಂದಳು ಉಮಾಶ್ರೀ.

'ಸಿನಿಮಾ ಅನ್ನೂದು ನನಗೂ ತಿಳಿತೈತಿ ಬೇ. ಭಂಡಾರಕ್ಕ ಕ್ಯಾಮೆರಾ ಗೊತ್ತಿಲ್ಲ' ಎಂದು ಕಾಕಾ ಟಿ.ವಿ. ಬಂದ್ ಮಾಡಿದರು. ನಿನ್ನನ್ನು ಕರೆಸಿ, ಅರಿಷಿಣನೋ ಭಂಡಾರನೋ ಎಂದು ಕೇಳಿದರು. ನೀನು ನೆಲ ನೋಡುತ್ತ ನಿಂತೆ. ನೀನು ಧಾರವಾಡಕ್ಕೆ ಹೋದ ಮೇಲೆ, ನಿನ್ನ ಕಾಗದ ಬಂದ ದಿನವೇ ನನ್ನನ್ನು ಕರೆಸಿ, ದೇವರ ಜಗಲಿಯಿಂದ ಭಂಡಾರ ತಂದು ನನ್ನ ಮುಂದೆ ಹಿಡಿದರು. 'ಡಬ್ಬಿ ತಂದಾಂವ ನೀ. ಮುಟ್ಟಿ ಹೇಳಪಾ.' ಉಮಾಶ್ರೀ ಬಾಗಿಲಲ್ಲಿ ನಿಂತಿದ್ದಳು. ಎರಡೂ ಕೈ ಜೋಡಿಸಿ ನನಗೆ ಮುಗಿದಳು. ಆಕೆ ನನಗೆ ಏನೂ ಮಾಡಿದವಳಲ್ಲ. ಕೈ ಮುರಿದಾಗ ಅರಿವೆ ಹರಿದು ಕಟ್ಟಿದವಳೂ ಆಕೆಯೇ.

ಚಾಚಲು ಬಾರದ ಕೈಯಿಂದಲೇ ಮುಟ್ಟಿದೆ. 'ಗುಡೀದರೀ ಕಾಕಾ' ಎಂದೆ.

ನಿನ್ನೆ ಆಕೆಯ ಮದುವೆಯಾಯಿತು. ಹಿಪ್ಪರಗಿಯ ಧರೆಪ್ಪ, ಮೊದಲ ಹೆಂಡತಿ ತೀರಿಕೊಂಡವನು. ಅದಕ್ಕೇ ಈ ಕಾಗದ ಇವತ್ತು ಬರೆದೆ. ಮೊದಲೇ ಬರೆದಿದ್ದರೆ ತಾಳಿ ಕಟ್ಟುವ ಹೊತ್ತಿಗೆ ನೀನು ಗಾಡಿ ಏರಿ ಓಡಿ ಬರುತ್ತಿದ್ದೆ. ಅದು ಹಳೆ ಪಿಕ್ಚರಿನ ಸೀನು. ನಿನಗೆ ಸೇರುವುದಿಲ್ಲ.

ಅಕ್ಕಿಕಾಳು ಬೀಳುವಾಗ ಆಕೆ ಒಮ್ಮೆ ಬಾಗಿಲ ಕಡೆ ನೋಡಿದಳು. ಅದನ್ನು ಯಾರೂ ಕ್ಯಾಮೆರಾದಲ್ಲಿ ಹಿಡಿಯಲಿಲ್ಲ.

ನಿನ್ನ ಗೂಂಡಾ,
ಯಲ್ಲಾಲಿಂಗ

ತಾ.ಕ.: ಗುಡಿಯಿಂದ ಭಂಡಾರ ತಾ ಎಂದು ನೀನು ಕಳಿಸಿದ್ದೆ. ಗುಡಿಯ ಮೆಟ್ಟಿಲತನಕ ಹೋಗಿದ್ದೆ. ದೇವರದ್ದನ್ನು ಆಟಕ್ಕೆ ಒಯ್ಯಲು ಆಗ ನನಗೆ ಧೈರ್ಯ ಬರಲಿಲ್ಲ. ಮನೆಗೆ ಬಂದು ಅವ್ವನ ಅರಿಷಿಣ ಪುಡಿ ತುಂಬಿಕೊಂಡು, ಗುಡಿಯದೇ ಎಂದು ನಿನಗೆ ಕೊಟ್ಟೆ. ನೀನು ಹೇಳು ಎಂದ ಸುಳ್ಳು ಸುಳ್ಳಾಗಿರಲಿಲ್ಲ, ಅಜಯ. ಖರೆ ಭಂಡಾರ ಮುಟ್ಟಿದವನು ನಾನೊಬ್ಬನೇ. ಡಬ್ಬಿಯಲ್ಲಿ ಉಳಿದದ್ದನ್ನು ಅವ್ವ ಮರುದಿನ ಬದನೆಕಾಯಿ ಪಲ್ಯಕ್ಕೆ ಹಾಕಿದಳು.