ತೊಟ್ಟಿಲಿಗೆ ಇಬ್ಬರು ಬೇಕಂತೆ

ಕ್ಷೌರದಂಗಡಿಯ ಮೇಲಿನ ಮನೆ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಆ ಬಂದರಿನಲ್ಲಿ ಕಬ್ಬಿಣದ ಹಡಗುಗಳಿಗೆ ಬೆಸುಗೆ ಹಾಕುತ್ತಾ ಹಾಕುತ್ತಾ ಹೊತ್ತಿಗೆ ಸರಿಯಾಗಿ ಊಟವನ್ನಾದರೂ ಮಾಡುತ್ತಿದ್ದೀಯೋ ಇಲ್ಲವೋ? ಮೊನ್ನೆ ಫೋನಿನಲ್ಲಿ ಇದನ್ನೆಲ್ಲ ಕೇಳೋಣ ಎಂದು ಬಾಯಿ ತೆರೆಯುವಷ್ಟರಲ್ಲಿ "ಎಲ್ಲಾ ಚೆನ್ನಾಗಿದೆ, ಇಡ್ಲಾ?" ಅಂದುಬಿಟ್ಟೆ. ಅದಕ್ಕೇ ಈ ಪತ್ರ. ಫೋನಾದರೆ ಇಟ್ಟುಬಿಡುತ್ತೀಯ, ಪತ್ರವನ್ನು ಓದದೆ ಇಡು ನೋಡೋಣ.

ನಾನು ಗಟ್ಟಿಯಾಗಿದ್ದೇನೆ, ಹೊಟ್ಟೆಯೊಳಗಿರುವವರೂ ಗಟ್ಟಿಯಾಗಿದ್ದಾರೆ. ಮುಂದಿನ ತಿಂಗಳ ಮೊದಲ ವಾರ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಬೀದಿಗೆಲ್ಲ ನನ್ನನ್ನು "ಕಡ್ಡಿ" ಎಂದು ಪರಿಚಯಿಸಿದವನು ನೀನೇ ತಾನೇ? ಈಗ ಬಂದು ನೋಡು, ಕಡ್ಡಿ ಹೋಗಿ ಪೀಪಾಯಿ ಬಂದಿದೆ. ಬಗ್ಗಿ ಬೂಟು ಹಾಕಿಕೊಳ್ಳಲು ಆಗುವುದಿಲ್ಲ. ಇವರು, ಅಂದರೆ ನಿನ್ನ ಕೆದರಿದ ತಲೆ ಕಂಡಾಗಲೆಲ್ಲ ಕತ್ತರಿ ಹುಡುಕುವ ನನ್ನ ಗಂಡ, ಬೆಳಿಗ್ಗೆ ಅಂಗಡಿಯ ಬಾಗಿಲಲ್ಲೇ ಮೊಣಕಾಲೂರಿ ಕೂತು ನನ್ನ ಲೇಸು ಕಟ್ಟುತ್ತಾರೆ. ಮುಖದ ತುಂಬ ಸೋಪಿನ ನೊರೆ ಮೆತ್ತಿಸಿಕೊಂಡ ಗಿರಾಕಿಗಳು ಕುರ್ಚಿಯಿಂದಲೇ "ಬಿಗಿಯಾಗಿ ಕಟ್ಟಪ್ಪಾ, ಬಿಚ್ಕೊಂಡ್ರೆ ಕಷ್ಟ" ಎಂದು ಬುದ್ಧಿ ಹೇಳುತ್ತಾರೆ. ಶಾಲೆಯಲ್ಲಿ ಇನ್ನೂ ಮಜಾ. ನನ್ನ ಒಂದನೇ ತರಗತಿಯ ಹುಡುಗಿಯೊಬ್ಬಳು ಮೊನ್ನೆ ಲೆಕ್ಕ ಮಾಡುವುದನ್ನು ಬಿಟ್ಟು ನನ್ನ ಹೊಟ್ಟೆಯನ್ನೇ ನೋಡುತ್ತಾ ಕೂತಿದ್ದಳು. ಕೊನೆಗೆ ತಡೆಯಲಾರದೆ, "ಮಿಸ್, ಒಳಗೆ ಪಾಪು ಇದೆ ಅಂತ ಅಮ್ಮ ಹೇಳಿದ್ರು. ಅದನ್ನ ಯಾಕೆ ನುಂಗಿದ್ರಿ?" ಎಂದು ಕೇಳಿದಳು. ಪಕ್ಕದ ತರಗತಿಯ ಮೇಷ್ಟ್ರು ಓಡಿ ಬರುವಷ್ಟು ಜೋರಾಗಿ ನಕ್ಕೆ ನಾನು.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಮಗು ಹುಟ್ಟುವಾಗ ನೀನು ಇಲ್ಲಿರಬೇಕು. ಫೋನಿನಲ್ಲಿ ಹೇಳಿದಾಗ "ನೋಡೋಣ" ಅಂದೆ. ನಿನ್ನ "ನೋಡೋಣ" ಅಂದರೆ "ಇಲ್ಲ" ಎಂದು ಅರ್ಥ ಅನ್ನುವುದು ನನಗೆ ಗೊತ್ತಿಲ್ಲವೇ? ಚಿಕ್ಕವಳಿದ್ದಾಗ ನಿನ್ನ ಸೈಕಲ್ ಕೇಳಿದರೂ "ನೋಡೋಣ", ಈಜು ಕಲಿಸು ಎಂದರೂ "ನೋಡೋಣ". ಈಜನ್ನು ಕೊನೆಗೆ ನನ್ನ ಗೆಳತಿ ತುತ್ತೂರಿಯೇ ಕಲಿಸಬೇಕಾಯಿತು. ಅವಳು ನಿನ್ನನ್ನು ತುಂಬ ಕೇಳುತ್ತಾಳೆ. ಈಗ ಊರಿನ ಉದ್ದನೆಯ ಬಸ್ಸನ್ನು ಓಡಿಸುವವಳು ಅವಳೇ. ಹಾರ್ನ್ ಕೆಟ್ಟರೂ ಚಿಂತೆಯಿಲ್ಲ, ಕಿಟಕಿಯಿಂದ ಒಂದು ಸಲ ಕೂಗಿದರೆ ಸಾಕು ಎಂದು ಕಂಡಕ್ಟರ್ ರೇಗಿಸುತ್ತಾರಂತೆ.

ಅಣ್ಣಾ, ನಾನೂ ತುತ್ತೂರಿಯೂ ಅಪ್ಪನ ಶೆಡ್ಡಿನಲ್ಲಿ, ಕಟ್ಟುತ್ತಿರುವ ದೋಣಿಯ ಕೆಳಗೆ ನುಸುಳಿ ಕೂರುತ್ತಿದ್ದುದು ನೆನಪಿದೆಯಾ? ನಮಗೆ ಅದಕ್ಕಿಂತ ಒಳ್ಳೆಯ ಮನೆಯಾಟದ ಮನೆ ಬೇರೆ ಇರಲಿಲ್ಲ. ತಲೆಯ ಮೇಲೆ ಹಲಗೆ, ಸುತ್ತ ಮರದ ಹೊಟ್ಟಿನ ವಾಸನೆ. ಅಪ್ಪ ದೋಣಿಯ ಒಳಗೆ, ನೀನು ಹೊರಗೆ. ನೀನು ಹೊರಗಿನಿಂದ ತಾಮ್ರದ ಮೊಳೆ ಹೊಡೆದು, ಅದರ ತಲೆಗೆ ಭಾರದ ಕಬ್ಬಿಣದ ತುಂಡನ್ನು ಒತ್ತಿ ಹಿಡಿಯಬೇಕು. ಅಪ್ಪ ಒಳಗಿನಿಂದ ಮೊಳೆಯ ತುದಿಗೆ ಬಿಲ್ಲೆ ಹಾಕಿ ಬಡಿದು ಚಪ್ಪಟೆ ಮಾಡಬೇಕು. ನಡುವೆ ಹಲಗೆ, ಒಬ್ಬರ ಮುಖ ಒಬ್ಬರಿಗೆ ಕಾಣದು. ಅದಕ್ಕೇ ಮಾತಿನ ಬದಲು ತಟ್ಟುವುದು: ಎರಡು ಸಲ ತಟ್ಟಿದರೆ ಮುಂದಿನ ಮೊಳೆ, ಮೂರು ಸಲ ತಟ್ಟಿದರೆ ನಿಲ್ಲಿಸು. ನಾನೂ ತುತ್ತೂರಿಯೂ ಅದನ್ನು ಕಲಿತು ಶಾಲೆಯಲ್ಲಿ ಡೆಸ್ಕಿನ ಮೇಲೆ ತಟ್ಟಿ ತಟ್ಟಿ ಮೇಷ್ಟ್ರ ತಲೆ ಕೆಡಿಸುತ್ತಿದ್ದೆವು. ಈಗ ಹೊಟ್ಟೆಯೊಳಗಿನಿಂದ ಎರಡು ಒದೆ ಬಿದ್ದರೆ ಸಾಕು, ಇವರು "ಮುಂದಿನ ಮೊಳೆ ಕೇಳ್ತಿದೆ" ಎನ್ನುತ್ತಾರೆ. ಒಟ್ಟಿನಲ್ಲಿ ಮನೆತನದ ವಿದ್ಯೆ ಹುಟ್ಟುವ ಮೊದಲೇ ಬಂದಿದೆ.

ನನಗೆ ಅನ್ನಿಸುವುದು, ನೀನೂ ಅಪ್ಪನೂ ಬಹಳ ವರ್ಷ ತಟ್ಟಿ ತಟ್ಟಿಯೇ ಮಾತಾಡಿದಿರಿ, ಹಾಗಾಗಿ ಬಾಯಿಬಿಟ್ಟು ಮಾತಾಡುವ ಹೊತ್ತು ಬಂದಾಗ ಇಬ್ಬರಿಗೂ ಬರಲಿಲ್ಲ. "ಈ ದೋಣಿಗೆ ಒಳಗಿಂದ ನಾನು ಬಡಿತೀನಪ್ಪಾ" ಎಂದು ನೀನು ಕೇಳಿದೆ. "ಮೊದಲು ಸರಿಯಾಗಿ ಹಿಡಿಯೋದು ಕಲಿ" ಎಂದರು ಅಪ್ಪ. ಮೀಸೆ ಮೂಡುವ ಮೊದಲಿನಿಂದ ಹಿಡಿದವನಿಗೆ, ಮದುವೆಯ ವಯಸ್ಸಿನಲ್ಲಿ, ಕೆಲಸದವರ ಎದುರಿಗೆ ಆ ಮಾತು! ತಪ್ಪು ಅಪ್ಪನದೇ. ಅವರ ಮುಖಕ್ಕೇ ಹೇಳಿದ್ದೇನೆ, ಆಮೇಲೆ ಮೂರು ದಿನ ನನ್ನ ಜೊತೆಗೂ ಮುಖ ಊದಿಸಿಕೊಂಡು ಓಡಾಡಿದರು. ಆದರೆ ನೀನೂ ಕಡಿಮೆಯವನಲ್ಲ. ಕಬ್ಬಿಣವನ್ನು ನೆಲಕ್ಕಿಟ್ಟು ಹೋದವನು ತಿರುಗಿ ನೋಡಲಿಲ್ಲ. ನನ್ನ ಮದುವೆಗೆ ಬಂದೆ, ಊಟ ಮಾಡಿದೆ, ಅಪ್ಪನ ಎದುರಿಗೆ ಕಂಬದ ಹಾಗೆ ನಿಂತೆ, ಸಂಜೆಯ ಬಸ್ಸಿಗೆ ಹೊರಟುಹೋದೆ. ಅವತ್ತು ನಾನು ಅತ್ತದ್ದು ಗಂಡನ ಮನೆಗೆ ಹೋಗುವ ದುಃಖಕ್ಕೆ ಎಂದು ಎಲ್ಲರೂ ತಿಳಿದರು. ಗಂಡನ ಮನೆ ಇರುವುದು ಎರಡು ಬೀದಿಯಾಚೆ, ಅದಕ್ಕೆ ಯಾರಾದರೂ ಅಳುತ್ತಾರೆಯೇ?

ಈಗ ತೊಟ್ಟಿಲಿನ ಸುದ್ದಿ ಕೇಳು. ಅಂಗಡಿಯಿಂದ ಒಂದು ತರೋಣ ಎಂದು ಇವರು ಬಾಯಿ ತಪ್ಪಿ ಅಂದರು, ಅಪ್ಪ ಕೆಂಡಾಮಂಡಲ. "ದೋಣಿ ಕಟ್ಟೋನ ಮೊಮ್ಮಗು ಅಂಗಡಿ ತೊಟ್ಟಿಲಲ್ಲಿ ಮಲಗುತ್ತಾ?" ಎಂದು ಮಾರನೆಯ ದಿನವೇ ಹಲಗೆ ಕೊಯ್ಯಲು ಶುರು ಮಾಡಿದರು. ದೋಣಿಯ ಹಾಗೆಯೇ ಹಲಗೆಯ ಮೇಲೆ ಹಲಗೆ, ತಾಮ್ರದ ಮೊಳೆ. ನೀರು ಒಳಗೆ ಬರಬಾರದು ಎನ್ನುವ ಲೆಕ್ಕದಲ್ಲಿ ಕಟ್ಟುತ್ತಿದ್ದಾರೆ. "ಇಲ್ಲಿ ನೀರು ಹೊರಗಿಂದ ಬರಲ್ಲ, ಒಳಗಿಂದಲೇ ಬರತ್ತೆ, ಅದು ಹೋಗೋಕೆ ದಾರಿ ಬಿಡಿ" ಎಂದಳು ಅಮ್ಮ. ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಮುದುಕ ಬಡಗಿ ಆಶಾರಿ ನಕ್ಕು ನಕ್ಕು ಕೆಮ್ಮು ಬಂದು ಹೊರಗೆ ಹೋಗಬೇಕಾಯಿತು.

ತಳ ಆಯಿತು, ಚೌಕಟ್ಟು ಆಯಿತು. ಪಕ್ಕದ ಹಲಗೆ ಹತ್ತಿಸುವ ಹೊತ್ತಿಗೆ ಕೆಲಸ ನಿಂತಿತು. "ಇದಕ್ಕೆ ಇಬ್ಬರು ಬೇಕು" ಎಂದರು ಅಪ್ಪ. ಮೊದಲು ಇವರು ಹೋದರು. ಗಲ್ಲದ ಮೇಲೆ ಕತ್ತಿ ಆಡಿಸುವಾಗ ಕೂದಲೆಳೆಯಷ್ಟೂ ಅಲುಗದ ಕೈ ಇವರದು, ಆದರೆ ಸುತ್ತಿಗೆ ಏಟು ಬಿದ್ದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದರಂತೆ. ಐದನೇ ಏಟಿಗೆ ಕಬ್ಬಿಣ ಕಾಲಿನ ಮೇಲೆ ಬಿತ್ತು. ಒಂದು ವಾರ ಒಂಟಿಕಾಲಲ್ಲಿ ನಿಂತು ಕ್ಷೌರ ಮಾಡಿದರು. ಆಮೇಲೆ ತುತ್ತೂರಿ ತೋಳೇರಿಸಿಕೊಂಡು ಬಂದಳು. "ನೀನು ಹಲಗೆ ಹಿಡಿದಿದೀಯೋ, ಕೆಟ್ಟ ಬಸ್ ತಳ್ತಿದೀಯೋ?" ಎಂದು ಅವಳನ್ನೂ ಕಳಿಸಿದರು. ಆಶಾರಿಯ ಕೈ ನಡುಗುತ್ತದಂತೆ, ಅಮ್ಮನಿಗೆ ತಾಳ್ಮೆಯಿಲ್ಲವಂತೆ, ನಾನು ಹತ್ತಿರವೇ ಬರಬಾರದಂತೆ. ಒಬ್ಬರೂ ಸರಿಯಿಲ್ಲ! ತೊಟ್ಟಿಲು ಹಲಗೆಯಿಲ್ಲದೆ ಹಾಗೇ ಕೂತಿದೆ, ಇತ್ತ ಒದೆತಗಳು ಜೋರಾಗುತ್ತಿವೆ.

ನಿನ್ನೆ ಸಂಜೆ ಟೀ ಕೊಡಲು ಶೆಡ್ಡಿಗೆ ಹೋದೆ. ಅಪ್ಪ ಒಬ್ಬರೇ ಇದ್ದರು. ತೊಟ್ಟಿಲ ಮೇಲೆ ಬಗ್ಗಿ ಹಲಗೆಯೊಂದನ್ನು ಇಟ್ಟು ನೋಡುತ್ತಿದ್ದರು. ಒಂದು ಕೈ ಒಳಗೆ, ಒಂದು ಕೈ ಹೊರಗೆ. ಅಣ್ಣಾ, ಆ ತೊಟ್ಟಿಲು ನಮ್ಮ ಊಟದ ಮೇಜಿನ ಅರ್ಧದಷ್ಟೂ ಇಲ್ಲ. ಅಪ್ಪನ ಎರಡು ಕೈ ಅದರ ಎರಡು ಕಡೆಗೂ ಆರಾಮವಾಗಿ ಎಟಕುತ್ತವೆ. ಒಂದರಲ್ಲಿ ಕಬ್ಬಿಣ ಹಿಡಿದು ಇನ್ನೊಂದರಲ್ಲಿ ಬಡಿದರೆ ಒಂದೇ ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ನಾನು ನೋಡುತ್ತಿರುವುದು ಗೊತ್ತಾದ ಕೂಡಲೇ ಕೈ ಹಿಂದಕ್ಕೆಳೆದುಕೊಂಡು, "ಇಬ್ಬರು ಬೇಕಮ್ಮಾ, ಒಬ್ಬನಿಂದ ಆಗಲ್ಲ" ಎಂದರು. ಹೂಂ ಅಂದೆ. ಟೀ ಲೋಟ ಇಟ್ಟು ಹೊರಗೆ ಬಂದು ಗೋಡೆಗೊರಗಿ ನಗುತ್ತಾ ಅತ್ತೆ, ಅಳುತ್ತಾ ನಕ್ಕೆ. ಈ ಹೊತ್ತಿನಲ್ಲಿ ಎಲ್ಲ ಹೆಂಗಸರಿಗೂ ಹೀಗೇ ಆಗುತ್ತದೆ ಎಂದು ಅಂಗಳದಲ್ಲಿದ್ದ ಆಶಾರಿ ನನಗೆ ನೀರು ಕೊಟ್ಟರು.

ಅವರು ಯಾರಿಗಾಗಿ ಕಾಯುತ್ತಿದ್ದಾರೆ ಎಂದು ನಾನು ಬಿಡಿಸಿ ಹೇಳುವುದಿಲ್ಲ. ಹಿಡಿಯಲು ಮತ್ತೆ ನಿನ್ನನ್ನೇ ಕರೆದರೆ ನಿನಗೆ ಸಿಟ್ಟು ಬರುತ್ತದೆ ಎಂಬುದೂ ಗೊತ್ತು, ಬರಲೇಬೇಕಾದ ಸಿಟ್ಟು ಅದು. ಅಪ್ಪನಿಗೆ ಸೋತು ಬಾ ಎನ್ನುತ್ತಿಲ್ಲ, ನನಗಾಗಿ ಬಾ. ಹುಟ್ಟುವ ಮಗುವಿಗೆ ಒಬ್ಬನೇ ಸೋದರಮಾವ, ಅವನೂ "ನೋಡೋಣ" ಎಂದರೆ ನಾನು ಏನು ಹೇಳಲಿ ಅದಕ್ಕೆ?

ಅಮ್ಮ ನಿನಗೆ ಎರಡು ಕಡೆ ಜೇಬಿರುವ ಸ್ವೆಟರ್ ಹೆಣೆಯುತ್ತಿದ್ದಾಳೆ, ತೋಳಿನ ಉದ್ದ ನೆನಪಿಲ್ಲ ಎಂದು ದಿನಕ್ಕೊಂದು ಸಲ ಕಣ್ಣೊರೆಸಿಕೊಳ್ಳುತ್ತಾಳೆ. ತುತ್ತೂರಿ ನಿನ್ನನ್ನು ಕೇಳಿದಳೆಂದು ಬರೆ ಎಂದಿದ್ದಾಳೆ, ಬರೆಯಬೇಡ ಎಂದೂ ಹೇಳಿದ್ದಾಳೆ. ಇವರು ನಿನ್ನ ತಲೆಗೂದಲಿಗೆ ನಮಸ್ಕಾರ ತಿಳಿಸಿದ್ದಾರೆ. ಬೆನ್ನು ಜೋಪಾನ, ಹೊಟ್ಟೆ ತುಂಬ ಉಣ್ಣು, ಚೆನ್ನಾಗಿರು.

ನಿನ್ನ ತಂಗಿ,
ಕಡ್ಡಿ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಮೇಲೆ ಬಂದರು. ಮೊಣಕಾಲು ನೋವೆಂದು ಈ ಮೆಟ್ಟಿಲನ್ನು ಯಾವತ್ತೂ ಹತ್ತದವರು. "ಅವನಿಗಾ?" ಎಂದರು. ಹೌದು ಎಂದೆ. ಕಿಟಕಿಯ ಹತ್ತಿರ ನಿಂತು ಬೀದಿ ನೋಡಿದರು, ಕೈ ಒರೆಸಿಕೊಂಡರು, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು. ಆಮೇಲೆ ಹೇಳಿದ್ದನ್ನು ಒಂದಕ್ಷರ ಬದಲಿಸದೆ ಬರೆಯುತ್ತಿದ್ದೇನೆ: "ಸುತ್ತಿಗೆ ಅವನೇ ತಗೊಳ್ಳಲಿ, ಒಳಗಿಂದ ಅವನೇ ಬಡೀಲಿ. ಹೊರಗೆ ಕಬ್ಬಿಣ ನಾನು ಹಿಡ್ಕೋತೀನಿ ಅಂತ ಬರಿ."